ಬುಗುಟೆ ನೋಡಿದ ಮಷೀನು

ನಮ್ಮ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಒಂದು ಫಲಕ ಇತ್ತು. ಇಂಥ ಕೋಣೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇರುವ ಫಲಕವೇ: ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ, ಕೇಳುವುದೂ ಅಪರಾಧ. ಅದನ್ನು ಓದಿದವರು ಬಹಳ ಜನ. ಓದಿ ನಂಬಿದವರನ್ನು ಮಾತ್ರ ನಾನು ಕಾಣಲಿಲ್ಲ. ಹೇಳುವುದಿಲ್ಲ ಎಂದು ಬರೆದು ಹಾಕಿದ್ದಾರೆಂದರೆ ಹೇಳುವಂಥದ್ದು ಒಳಗೆ ಇದೆ ಎಂದಾಯಿತಲ್ಲ, ನಮ್ಮ ಜನರ ಲೆಕ್ಕ ಅಷ್ಟು ಸರಳ. ಬಸುರಿಯನ್ನು ಒಳಗೆ ಕಳಿಸಿ ಗಂಡ, ಅತ್ತೆ, ನಾದಿನಿ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದರು. ಬಾಗಿಲು ತೆರೆದಾಗ ಅವರು ರಿಪೋರ್ಟಿಗೆ ಕೈ ಚಾಚುತ್ತಿರಲಿಲ್ಲ, ಹೊರಗೆ ಬರುವವಳ ಮುಖ ನೋಡುತ್ತಿದ್ದರು.

ನಾನು ಬರೆಯಹೊರಟಿರುವುದು ಬಸುರಿನ ವಿಷಯವಲ್ಲ. ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಮಕ್ಕಳ ವಿಷಯ. ಆದರೆ ಆ ಮಷೀನಿನ ಬಗ್ಗೆ ಎಲ್ಲಿಂದ ಮಾತು ಶುರು ಮಾಡಿದರೂ ಅದು ತಿರುಗಿ ಬಂದು ಬಸುರಿಯ ಹೊಟ್ಟೆಯ ಹತ್ತಿರವೇ ನಿಲ್ಲುತ್ತದೆ. ಅದಕ್ಕೇ ನನಗೆ ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ಇಲ್ಲ.

ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತಲ್ಲ, ಆ ತೊಂಬತ್ತೇಳರಲ್ಲೇ ನಾನು ಡಾಕ್ಟರಾಗಿ ಈ ಕಡೆ ಬಂದದ್ದು. ನಾನು ಗಂಗಾವತಿಯ ಹತ್ತಿರದವಳು, ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು. ಕುಷ್ಟಗಿ ಮತ್ತು ಯಲಬುರ್ಗಾದ ನಡುವಿನ ಒಂದು ಊರಿನ ಚಿಕ್ಕ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳನ್ನೂ ನೋಡಬೇಕು, ಬಸುರಿಯರನ್ನೂ ನೋಡಬೇಕು, ಚೇಳು ಕಡಿದವರನ್ನೂ ನೋಡಬೇಕು. ಮಕ್ಕಳು ಬಿದ್ದು ಬರುವುದು ಅಲ್ಲಿ ದಿನದ ಮಾತು. ಮನೆ ಮುಂದಿನ ಕಟ್ಟೆಯಿಂದ, ಮಾಳಿಗೆಯ ಮೆಟ್ಟಿಲಿನಿಂದ, ನಿಂತ ಚಕ್ಕಡಿಯಿಂದ, ಅಕ್ಕ ತೂಗುವ ತೊಟ್ಟಿಲಿನಿಂದ. ಕೆಳಗೆ ಮಣ್ಣಿನ ನೆಲವಾದರೆ ಅಷ್ಟಿಷ್ಟು ಬದುಕು. ಆದರೆ ಮನೆಗೆ ಮರ್ಯಾದೆ ಬರಲೆಂದು ಎಲ್ಲರೂ ಅಂಗಳದವರೆಗೆ ಫರಸಿ ಕಲ್ಲು ಹಾಸಿಸಿದ್ದರು.

ಬಿದ್ದ ಮಗುವಿನ ತಲೆಯ ಮೇಲೆ ಬುಗುಟೆ ಏಳುತ್ತದೆ. ಎದ್ದ ಕೂಡಲೇ ಮನೆಯ ಹಿರಿಯ ಹೆಂಗಸು ಅಂಗೈಗೆ ಎಣ್ಣೆ ಹಚ್ಚಿಕೊಂಡು ಅದನ್ನು ಒತ್ತಿ ಒತ್ತಿ ಕೂರಿಸುತ್ತಾಳೆ. ಬುಗುಟೆ ಇಳಿದರೆ ನೋವು ಇಳಿಯಿತು, ಆಸ್ಪತ್ರೆಯ ಗೊಡವೆ ತಪ್ಪಿತು ಎಂದು ನಂಬಿಕೆ. ಒಳಗೆ ಎಲುಬು ಸೀಳಿದ್ದರೆ ಹಾಗೆ ಒತ್ತುವುದೆಂದರೆ ಏನು ಎಂದು ನಾನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಕೇಳಿಸಿಕೊಂಡು, ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ, ಮುಂದಿನ ಮೊಮ್ಮಗು ಬಿದ್ದಾಗ ಮತ್ತೆ ಅದೇ ಅಂಗೈ, ಅದೇ ಎಣ್ಣೆ.

ಹಾಗೆಂದು ನಾನು ಏನು ದೊಡ್ಡ ಉಪಕಾರ ಮಾಡುತ್ತಿದ್ದೆ? ನಾನೂ ಬೆರಳಿನಿಂದಲೇ ತಡವಿ ನೋಡುತ್ತಿದ್ದೆ. ಬೆರಳು ಸುಳ್ಳು ಹೇಳುತ್ತದೆ. ರಕ್ತ ಕಟ್ಟಿದ ಬುಗುಟೆಯ ಅಂಚು ಗಟ್ಟಿಯಾಗಿ, ನಡುವೆ ಮೆತ್ತಗಿರುತ್ತದೆ. ತಡವಿದರೆ ಎಲುಬು ಒಳಗೆ ಕುಸಿದಂತೆಯೇ ಅನಿಸುತ್ತದೆ, ಕುಸಿದಿರುವುದಿಲ್ಲ. ಇನ್ನು ಕೆಲವು ಸಲ ಎಲುಬು ನಿಜವಾಗಿ ಸೀಳಿರುತ್ತದೆ, ಮೇಲಿನ ಬಾವು ಅದನ್ನು ಮುಚ್ಚಿ ಕೂತಿರುತ್ತದೆ. ಎಕ್ಸ್-ರೇ ತೆಗೆದರೆ ಸಣ್ಣ ಮಕ್ಕಳ ತಲೆಯಲ್ಲಿ ಹುಟ್ಟಿನಿಂದ ಇರುವ ಎಲುಬಿನ ಸಂದುಗಳೇ ಬಿರುಕಿನ ಹಾಗೆ ಕಾಣುತ್ತವೆ. ತಲೆಯ ಒಳಗಿನದನ್ನೆಲ್ಲ ತೋರಿಸುವ ಸಿ.ಟಿ. ಸ್ಕ್ಯಾನ್ ದೂರದ ಪಟ್ಟಣದ ಮಾತು. ಎಲ್ಲರನ್ನೂ ಕಳಿಸಿದರೆ ಅರ್ಧದಾರಿಯಿಂದ ಮನೆಗೆ ತಿರುಗುತ್ತಿದ್ದರು. ಯಾರನ್ನೂ ಕಳಿಸದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಬಹಳ ವರ್ಷಗಳ ಮೇಲೆ ನಮ್ಮ ಆಸ್ಪತ್ರೆಗೂ ಒಂದು ಅಲ್ಟ್ರಾಸೌಂಡ್ ಮಷೀನು ಬಂತು. ಅದನ್ನು ನಡೆಸುವ ತರಬೇತಿ ಮುಗಿಸಿ ಪರವಾನಗಿಯಲ್ಲಿ ಹೆಸರು ಹಾಕಿಸಿಕೊಂಡವಳು ನಾನೊಬ್ಬಳೇ. ಆಮೇಲೆ ಒಂದು ದೊಡ್ಡ ಊರಿನಲ್ಲಿ ಮಕ್ಕಳ ತುರ್ತು ಚಿಕಿತ್ಸೆಯ ಶಿಬಿರಕ್ಕೆ ಹೋಗಿದ್ದಾಗ ನನಗಿಂತ ಎಷ್ಟೋ ಸಣ್ಣ ವಯಸ್ಸಿನ ಡಾಕ್ಟರೊಬ್ಬಳು ಒಂದು ಮಗುವಿನ ಹಾಸಿಗೆಯ ಪಕ್ಕಕ್ಕೆ ಮಷೀನು ಉರುಳಿಸಿಕೊಂಡು ಬಂದು ಬುಗುಟೆಯ ಮೇಲೆ ಇಷ್ಟು ಜೆಲ್ಲಿ ಸುರಿದು, ಒತ್ತದೆ, ಮಷೀನಿನ ವೈರಿನ ತುದಿಯ ಚಪ್ಪಟೆ ಪ್ರೋಬನ್ನು ತೇಲಿಸಿದ ಹಾಗೆ ಇಟ್ಟಳು. ಪರದೆಯ ಮೇಲೆ ಎಲುಬು ಒಂದು ಬಿಳಿ ಗೆರೆಯಾಗಿ ಕಂಡಿತು, ನೆಲ ಸಾರಿಸಿ ಎಳೆದ ರಂಗೋಲಿ ಗೆರೆಯಂತೆ. ಗೆರೆ ಅಖಂಡವಾಗಿದ್ದರೆ ಎಲುಬು ನೆಟ್ಟಗಿದೆ. ಗೆರೆ ನಡುವೆ ತುಂಡಾಗಿದ್ದರೆ, ಒಂದು ಕಡೆ ಮೆಟ್ಟಿಲಿನ ಹಾಗೆ ಇಳಿದಿದ್ದರೆ, ಸೀಳಿದೆ. ಅದು ಹುಟ್ಟಿನ ಸಂದೋ ಹೊಸ ಸೀಳೋ ಎಂದು ಅನುಮಾನ ಬಂದರೆ ತಲೆಯ ಆಚೆ ಬದಿಯಲ್ಲಿ ಅದೇ ಜಾಗ ನೋಡಬೇಕು. ಸಂದಾದರೆ ಅಲ್ಲೂ ಇರುತ್ತದೆ. ಮಗು ತಾಯಿಯ ತೊಡೆ ಬಿಟ್ಟು ಇಳಿಯಬೇಕಿಲ್ಲ, ನಿದ್ದೆಯ ಔಷಧ ಬೇಕಿಲ್ಲ. ಇದು ಮೆದುಳನ್ನು ತೋರಿಸುವುದಿಲ್ಲ ಎಂದು ಆಕೆ ಮತ್ತೆ ಮತ್ತೆ ಹೇಳಿದಳು. ಆದರೆ ಯಾವ ಮಗುವನ್ನು ಕಡ್ಡಾಯವಾಗಿ ಸಿ.ಟಿ.ಗೆ ಕಳಿಸಬೇಕು ಎಂದು ಆರಿಸಲು ಸಹಾಯ ಮಾಡುತ್ತದೆ. ನನಗೆ ಬೇಕಾಗಿದ್ದುದು ಅಷ್ಟೇ. ಬಸ್ಸಿನಲ್ಲಿ ಊರಿಗೆ ಬರುವಾಗ ನಾನು ಸಣ್ಣ ಹುಡುಗಿಯಂತೆ ಸಂತೋಷಪಟ್ಟದ್ದು ನೆನಪಿದೆ. ಈಗ ಆ ಸಂತೋಷ ನೆನಪಾದರೂ ಸಿಟ್ಟೇ ಬರುತ್ತದೆ.

ಹಾಸಿಗೆಯ ಪಕ್ಕಕ್ಕೆ ಮಷೀನು ಬರುವುದು ಆ ಊರಿನ ಮಾತು. ನಮ್ಮಲ್ಲಿ ಮಷೀನು ತನ್ನ ಕೋಣೆ ಬಿಟ್ಟು ಹೊಸಿಲು ದಾಟುವಂತಿರಲಿಲ್ಲ. ಅದು ನೋಂದಣಿಯಾಗಿದ್ದುದೇ ಆ ಕೋಣೆಗೆ. ಎಲ್ಲೆಂದರಲ್ಲಿ ಒಯ್ದು ಯಾರದೋ ಮನೆಯ ಹಿತ್ತಲಲ್ಲಿ ಹೆಣ್ಣು ಭ್ರೂಣ ಹುಡುಕಬಾರದೆಂದು ಮಾಡಿದ ಕಾನೂನು. ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಕಾನೂನು ಬೇಕಾಗುವಂಥ ನಮ್ಮ ನಡವಳಿಕೆಯ ಮೇಲೆ ಸಿಟ್ಟು. ಅಂತೂ ಮಕ್ಕಳ ವಾರ್ಡಿಗೆ ಮಷೀನು ಬರಲಿಲ್ಲ, ಮಕ್ಕಳೇ ಮಷೀನಿನ ಹತ್ತಿರ ಹೋದರು. ಬಸುರಿಯರ ಸಾಲಿನ ನಡುವೆ ತಲೆಗೆ ಬುಗುಟೆ ಎದ್ದ ಮಕ್ಕಳು.

ಅನುಕೂಲವಾಯಿತು, ಇಲ್ಲವೆನ್ನಲಾರೆ. ಮಂಗಳೂರಿನಿಂದ ಬಂದ ಒಂದು ಕೂಸು ನೆನಪಿದೆ. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಬುಗುಟೆ ನೋಡಿದರೆ ಎದೆ ಝಲ್ಲೆನ್ನುವಷ್ಟು ದೊಡ್ಡದು. ಬೆರಳು ಕುಸಿದಿದೆ ಎಂದಿತು, ಮಷೀನು ಗೆರೆ ಅಖಂಡವಾಗಿದೆ ಎಂದಿತು. ಕೂಸು ಎರಡು ದಿನ ವಾರ್ಡಿನಲ್ಲಿ ಹಾಲು ಕುಡಿದು, ನನ್ನ ಕೊರಳಿನ ಸ್ಟೆತೊಸ್ಕೋಪು ಜಗ್ಗಿ, ಮನೆಗೆ ಹೋಯಿತು. ಹಾಗೆಯೇ, ಆಡಿಕೊಂಡಿದ್ದ ಒಂದು ಮಗುವಿನ ತಲೆಯಲ್ಲಿ ಸೀಳು ಕಂಡು ಕಳಿಸಿದಾಗ ಒಳಗೆ ರಕ್ತ ಕೂತದ್ದು ಗೊತ್ತಾಗಿ ಅದು ಉಳಿಯಿತು. ಅದರ ಅಪ್ಪ ಹುಲಿಗಿ ಗುಡಿಯ ಅಮ್ಮನ ಕೃಪೆ ಎಂದ. ಆಗಲಿ, ಅಮ್ಮನದೇ ಆಗಲಿ ಎಂದು ನಾನೂ ನಕ್ಕೆ.

ಕೋಣೆಯ ಬಗ್ಗೆ ಮಾತ್ರ ನಾನು ಬಹಳ ಕಟ್ಟುನಿಟ್ಟು. ಪರದೆ ನೋಡಿ ಏನಾದರೂ ಊಹಿಸಿಬಿಟ್ಟಾರೆಂದು ಗಂಡಂದಿರನ್ನು, ಅತ್ತೆಯರನ್ನು ಒಳಗೆ ಬಿಡುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಒಂದು ಮಾತು ಹಬ್ಬಿತ್ತು: ಡಾಕ್ಟರು ಬಾಯಿ ಬಿಟ್ಟು ಹೇಳುವುದಿಲ್ಲ, ಸನ್ನೆಯಲ್ಲಿ ಹೇಳುತ್ತಾರೆ, ಪೇಢೆಯ ಹೆಸರೆತ್ತಿದರೆ ಒಂದು, ಜಿಲೇಬಿಯ ಹೆಸರೆತ್ತಿದರೆ ಇನ್ನೊಂದು, ನಕ್ಕರೆ ಗಂಡು, ಸುಮ್ಮನಿದ್ದರೆ ಹೆಣ್ಣು. ಅದಕ್ಕಾಗಿ ನಾನು ಬಸುರಿಯರನ್ನು ನೋಡುವಾಗ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಮನೆಯಲ್ಲಿ ಅಡುಗೆ ಮಾಡುವಾಗಲೂ ಆ ಮುಖವೇ ಇರುತ್ತದೆಂದು ನನ್ನ ಯಜಮಾನರು ಚೇಷ್ಟೆ ಮಾಡುತ್ತಿದ್ದರು.

ಆ ದಿನ ಬಂದವರು ಕುಷ್ಟಗಿ ಹತ್ತಿರದ ಹಳ್ಳಿಯವರು. ಗಂಡ, ಹೆಂಡತಿ, ಗಂಡನ ತಾಯಿ, ಒಂದೂವರೆ ವರ್ಷದ ಹೆಣ್ಣು ಕೂಸು. ಗಂಡ ಬೀಜದ ಕಂಪನಿಗೆ ಹೊಲಗಳ ಮೇಲ್ವಿಚಾರಣೆ ಮಾಡುವವನು, ಇಸ್ತ್ರಿ ಅಂಗಿ, ಕೈಯಲ್ಲಿ ಗಡಿಯಾರ. ಹೆಂಡತಿ ಅದೇ ಬೀಜದ ಪ್ಲಾಟುಗಳಲ್ಲಿ ಹತ್ತಿ ಹೂವಿಗೆ ಹೂವು ಮುಟ್ಟಿಸಿ ಪರಾಗ ಕೂಡಿಸುವ ಕೆಲಸ ಮಾಡಿದವಳು, ಈಗ ಬಸುರಿ, ಹೊಟ್ಟೆ ಕಾಣುವಷ್ಟಾಗಿತ್ತು. ಕೂಸು ಕಟ್ಟೆಯಿಂದ ಫರಸಿಯ ಮೇಲೆ ಬಿದ್ದಿತ್ತು. ಬಲಗಿವಿಯ ಮೇಲೆ ಬುಗುಟೆ ಇತ್ತು, ಎಣ್ಣೆಯಿಂದ ಮಿರುಗುತ್ತಿತ್ತು. ಒತ್ತಿದಿರಾ ಎಂದು ಕೇಳಿದೆ. ಒತ್ತಿ ಕುಂದ್ರಿಸೀನಿ, ಭಾಳ ಇತ್ತು, ಈಗ ಇಳಿದೈತಿ ಎಂದು ಅತ್ತೆ ಹೆಮ್ಮೆಯಿಂದಲೇ ಹೇಳಿದಳು. ಕೂಸು ಎರಡು ಸಲ ವಾಂತಿ ಮಾಡಿಕೊಂಡಿತ್ತು, ಮಂಕಾಗಿತ್ತು, ಆದರೆ ಕರೆದರೆ ನೋಡುತ್ತಿತ್ತು. ತಾಯಿ ಅದನ್ನು ಎದೆಗೆ ಅವುಚಿಕೊಂಡು, ಇದಕ್ಕೇನೂ ಆಗಂಗಿಲ್ಲಲ್ರಿ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡಿದ್ದಳು. ಅವಳಿಗೆ ಬೇಕಾಗಿದ್ದುದು ಆ ಒಂದು ಉತ್ತರ.

ಅವಳನ್ನೂ ಕೂಸನ್ನೂ ಕೋಣೆಗೆ ಕರೆದುಕೊಂಡು ಹೋದೆ. ಉಳಿದಿಬ್ಬರನ್ನು ಎಂದಿನಂತೆ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿದೆ. ತಾಯಿ ಮಂಚದ ಮೇಲೆ ಕೂತು ಕೂಸನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡಳು. ಜೆಲ್ಲಿ ತಣ್ಣಗಿದ್ದುದಕ್ಕೆ ಕೂಸು ಬೆಚ್ಚಿ ಅವಳ ಬಳೆ ಹಿಡಿಯಿತು. ನಾನು ಪ್ರೋಬ್ ಇಟ್ಟೆ. ಬಿಳಿ ಗೆರೆ ಬಂತು, ಸ್ವಲ್ಪ ದೂರ ನೆಟ್ಟಗೆ ಹೋಯಿತು, ಆಮೇಲೆ ತುಂಡಾಯಿತು. ತುಂಡಾದಲ್ಲಿ ಒಂದು ಅಂಚು ಕೆಳಗೆ ಇಳಿದಿತ್ತು. ಅಡ್ಡ ಹಿಡಿದು ನೋಡಿದೆ, ಉದ್ದ ಹಿಡಿದು ನೋಡಿದೆ. ಎಡಗಡೆಯಲ್ಲಿ ಅದೇ ಜಾಗ ನೋಡಿದೆ, ಅಲ್ಲಿ ಗೆರೆ ಎಲ್ಲೂ ಮುರಿದಿರಲಿಲ್ಲ. ಅನುಮಾನಕ್ಕೆ ಎಡೆಯಿರಲಿಲ್ಲ, ಸೀಳು.

ತಾಯಿಗೆ ಪರದೆಯ ಮೇಲೆ ತೋರಿಸಿಯೇ ಹೇಳಿದೆ. ಎಲುಬು ಸೀಳಿದೆ, ಎಲುಬಿನದು ತಾನಾಗಿ ಕೂಡುತ್ತದೆ, ಹೆದರುವುದು ಬೇಡ. ಆದರೆ ಒಳಗೆ ರಕ್ತ ಕೂತಿದೆಯೋ ಇಲ್ಲವೋ ಇದರಲ್ಲಿ ಕಾಣುವುದಿಲ್ಲ, ಇವತ್ತೇ ಕೊಪ್ಪಳಕ್ಕೆ ಹೋಗಿ ಸಿ.ಟಿ. ಮಾಡಿಸಬೇಕು. ಮೊದಲ ಮಾತಿಗೇ ಅವಳಿಗೆ ಉಳಿದದ್ದು ಕೇಳಿಸಲಿಲ್ಲ. ಅಳು ಒತ್ತರಿಸಿ ಬಂತು. ಸದ್ದಿಲ್ಲದ ಅಳು, ಹೆಗಲು ಮಾತ್ರ ಅಲುಗುತ್ತಿತ್ತು. ಕೂಸಿನ ತಲೆಯ ಮೇಲಿನ ಜೆಲ್ಲಿಯನ್ನು ತನ್ನ ಸೆರಗಿನಿಂದ ಒರೆಸಿದಳು, ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಬಾಗಿಲು ತೆರೆದು ಹೊರಗೆ ಹೋದಳು. ನಾನು ಕೈ ತೊಳೆದುಕೊಂಡು ಅವಳ ಹಿಂದೆಯೇ ಹೋದೆ.

ಅಷ್ಟರಲ್ಲಿ ಬೆಂಚಿನ ಮೇಲೆ ಆಗುವುದು ಆಗಿಹೋಗಿತ್ತು. ನನಗೆ ಗೊತ್ತಾಗಲಿಲ್ಲ. ಅತ್ತೆ ಎದ್ದು ನಿಂತಿದ್ದಳು, ಸೊಸೆಯ ಮುಖ ನೋಡುತ್ತಿದ್ದಳು, ಕೂಸಿನ ಕಡೆ ನೋಡುತ್ತಿರಲಿಲ್ಲ. ನಾನು ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೂಸಿನ ತಲೆ ಎಲುಬು ಸೀಳಿದೆ, ಇವತ್ತೇ ಕರೆದುಕೊಂಡು ಹೋಗಿ, ತಡ ಮಾಡಬೇಡಿ ಎಂದೆ. ಚೀಟಿ ಬರೆದುಕೊಟ್ಟೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಹತ್ತು ಪ್ರಶ್ನೆ ಬರುತ್ತವೆ: ಇಲ್ಲೇ ಆಗಂಗಿಲ್ಲೇನ್ರಿ, ನಾಳೆ ಹೋದ್ರ ನಡೀತೈತೇನ್ರಿ. ಅವನು ಒಂದನ್ನೂ ಕೇಳಲಿಲ್ಲ. ತಾಯಿಯ ಕಡೆ ನೋಡಿದ. ಅವಳು ತಲೆಯಾಡಿಸಿ ನನಗೆ ಕೈ ಮುಗಿದಳು.

"ಆತು ಬಿಡ್ರಿ ಬಾಯಾರ, ತಿಳೀತು ನಮಗ," ಎಂದಳು.

ಇಷ್ಟು ಬೇಗ ಅರ್ಥ ಮಾಡಿಕೊಳ್ಳುವ ಮನೆಯವರು ಸಿಕ್ಕರಲ್ಲ ಎಂದು ನಾನು ಹಿಗ್ಗಿದೆ. ಸ್ವಲ್ಪ ಹೊತ್ತಿಗೆಲ್ಲ ಒಂದು ಕ್ರೂಸರ್ ಗಾಡಿ ಗೇಟಿನ ಹತ್ತಿರ ಬಂತು. ಕಿಟಕಿಯಿಂದ ನೋಡುತ್ತಿದ್ದೆ. ಹೆಂಡತಿಯನ್ನು ಕೈ ಹಿಡಿದು ಹತ್ತಿಸಿದರು. ಗಾಡಿ ಹೊರಟ ಮೇಲೆ ಪಕ್ಕದಲ್ಲಿದ್ದ ನರ್ಸಿಗೆ, ನೋಡು, ಹೆಣ್ಣು ಕೂಸಿಗೆಂದು ಗಾಡಿ ಮಾಡಿಕೊಂಡು ಹೋಗುವ ಜನವೂ ಇದ್ದಾರೆ ನಮ್ಮಲ್ಲಿ ಎಂದೆ.

ಸಿ.ಟಿ.ಯ ಸುದ್ದಿ ಬರಲಿಲ್ಲ. ಕೊಪ್ಪಳದಲ್ಲಿ ಪರಿಚಯದವರನ್ನು ಕೇಳಿದೆ, ಅಂಥ ಕೂಸು ಬಂದಿಲ್ಲ ಎಂದರು. ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಿರಬೇಕು, ತಿಳಿದವರಲ್ಲವೇ ಎಂದುಕೊಂಡೆ. ಕೆಲವು ವಾರ ಕಳೆದ ಮೇಲೆ ಆ ಗಂಡ ನನ್ನ ಕೋಣೆಗೆ ಬಂದ. ಹಿಂದೆ ಅವನ ತಾಯಿ. ಅವನು ಕೂರಲಿಲ್ಲ. ಕೂಗಾಡಲೂ ಇಲ್ಲ. ಅಂಗಡಿಯಲ್ಲಿ ಕೊಂಡ ಸಾಮಾನು ಕೆಟ್ಟುಹೋದರೆ ವಾಪಸು ತರುವವನ ದನಿಯಲ್ಲಿ ಮಾತಾಡಿದ.

"ನೀವು ಹೇಳಿದ್ದು ತಪ್ಪಾತಲ್ರಿ. ಗಂಡಿತ್ತು."

ನನಗೆ ಏನೂ ಹೊಳೆಯಲಿಲ್ಲ. ಯಾರು ಗಂಡು, ಏನು ತಪ್ಪು ಎಂದು ಕೇಳಿದೆ. ಅವನಿಗೆ ನಾನು ನಾಟಕ ಮಾಡುತ್ತಿದ್ದೇನೆ ಅನಿಸಿರಬೇಕು. ನೇರವಾಗಿ ಹೇಳಿದ. ಹೆಂಡತಿಯನ್ನು ಆ ದಿನವೇ ಗಡಿಯಾಚೆಯ ಒಂದು ಊರಿಗೆ ಕರೆದುಕೊಂಡು ಹೋಗಿ ಹೊಟ್ಟೆಯಲ್ಲಿದ್ದುದನ್ನು ತೆಗೆಸಿದ್ದರು. ತೆಗೆಸಿದ ಮೇಲೆ ನೋಡಿದರೆ ಗಂಡು.

ನಾನು ಅವಳ ಹೊಟ್ಟೆಗೆ ಮಷೀನು ಮುಟ್ಟಿಸಲೇ ಇಲ್ಲ, ಹೆಣ್ಣು ಎಂದು ಯಾವಾಗ ಹೇಳಿದೆ ಎಂದೆ.

"ಬಾಯಿಲೆ ಹೇಳಿಲ್ರಿ. ಅಕಿ ಅಳಕೋಂತ ಹೊರಗ ಬಂದ್ಲು. ಹಿಂದ ನೀವ ಬಂದು ಇವತ್ತ ಕರ್ಕೊಂಡು ಹೋಗ್ರಿ, ತಡ ಮಾಡಬ್ಯಾಡ್ರಿ ಅಂದ್ರಿ. ಅಷ್ಟೂ ತಿಳಿಯಂಗಿಲ್ಲೇನ್ರಿ ನಮಗ?"

ಕೂಸಿನ ತಲೆಯ ಮಾತನ್ನೆಲ್ಲ ನಾನು ಕಾನೂನಿಗೆ ಹೆದರಿ ಹೊದಿಸಿದ ಹೊದಿಕೆ ಎಂದು ಅವರು ತಿಳಿದಿದ್ದರು. ಡಾಕ್ಟರಮ್ಮ ಎಷ್ಟು ಜಾಣೆ, ಕೂಸಿನ ನೆಪ ಮಾಡಿ ಹೇಳಿದಳು ಎಂದು ದಾರಿಯಲ್ಲಿ ನನ್ನನ್ನು ಹೊಗಳಿದ್ದರಂತೆ. ಅಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲಿಲ್ಲವೇ ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ, ಕೇಳಬಾರದ ಪ್ರಶ್ನೆ ಅದು. ಉತ್ತರವನ್ನು ಅವನ ತಾಯಿ ಕೊಟ್ಟಳು.

"ನಿಮ್ಮ ಮ್ಯಾಲೆ ಭಾಳ ವಿಶ್ವಾಸ ಇತ್ರಿ."

ಕೂಸು ಹೇಗಿದೆ, ಅದರ ತಲೆಗೆ ಸಿ.ಟಿ. ಆಯಿತೇ ಎಂದೆ. ಅವನು ಒಂದು ಗಳಿಗೆ ಯಾವ ಕೂಸು ಎಂಬಂತೆ ನೋಡಿದ. ಅಕಿಗೇನಾಗೇತಿ, ಆಡ್ತಾಳ ಎಂದ. ಆ ದಿನ ಕ್ರೂಸರಿನಲ್ಲಿ ಕೂಸು ದೂರ ಹೋಗಿರಲೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದುಕೊಂಡ ಅಜ್ಜಿ ಅದನ್ನು ಊರಿಗೆ ಒಯ್ದಿದ್ದಳು. ನಾನು ಕಿಟಕಿಯಿಂದ ನೋಡಿ ಹಿಗ್ಗಿದೆನಲ್ಲ, ಆ ಗಾಡಿ ಕೊಪ್ಪಳದ ದಾರಿಯನ್ನೇ ಹಿಡಿದಿರಲಿಲ್ಲ.

ಹೊರಗೆ ಹೋಗಿ ಎಂದು ನಾನು ಅವರಿಗೆ ಹೇಳಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಕೆಟ್ಟ ಮಾತು ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಮುಂದಿನ ವಾರವೋ ಅದರ ಮುಂದಿನ ವಾರವೋ ತಾಯಿ ಬಂದಳು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಒಬ್ಬಳೇ. ಬೀಜದ ಪ್ಲಾಟಿನ ಕೆಲಸಕ್ಕೆಂದು ಹೇಳಿ ಬಂದಿದ್ದಳು. ಹೊಟ್ಟೆ ಖಾಲಿಯಾಗಿತ್ತು, ಮುಖ ಅದಕ್ಕಿಂತ ಖಾಲಿ. ಕೂಸಿನ ತಲೆ ಇನ್ನೊಂದು ಸಲ ನೋಡಿರಿ ಎಂದಳು. ನೋಡಿದೆ. ಗೆರೆಯ ಎರಡು ತುದಿಗಳೂ ಹತ್ತಿರ ಬಂದಿದ್ದವು. ಕೂಸು ಮಾತಾಡುತ್ತಿತ್ತು, ನಡೆಯುತ್ತಿತ್ತು, ಬೆಳಕಿಗೆ ಕಣ್ಣು ಸರಿಯಾಗಿ ಕಿರಿದಾಗುತ್ತಿತ್ತು. ಯಾರ ಪುಣ್ಯವೋ ಉಳಿದಿತ್ತು. ಕೂಡುತ್ತಿದೆ, ಹೆದರಬೇಡ ಎಂದೆ. ಅವಳು ಈ ಸಲ ಅಳಲಿಲ್ಲ. ಈ ಕೋಣೆಯಲ್ಲಿ ಅಳಬಾರದೆಂದು ಕಲಿತಿದ್ದಳು.

ಅವತ್ತು ಯಾಕೆ ಅಳು ಬಂತೆಂದು ಮನೆಯವರಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ಹೇಳೀನ್ರಿ. ದಾರಿ ತುಂಬ ಹೇಳೀನಿ. ಅಕಿ ತಲಿ ಒಡೆದೈತಿ, ಅದಕ್ಕ ಅತ್ತೀನಿ ಅಂತ. ಹೆಣ್ಣಿನ ತಲಿಗೆ ಯಾರರ ಅಷ್ಟು ಅಳ್ತಾರೇನ ಅಂದ್ರು."

ಅವಳು ಕೂಸಿನ ಕುಲಾವಿ ಕಟ್ಟಿ ಎದ್ದಳು.

ದೂರು ಕೊಟ್ಟವರು ಯಾರೆಂದು ನನಗೆ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಈ ಆಸ್ಪತ್ರೆಯ ಡಾಕ್ಟರಮ್ಮ ಸನ್ನೆಯಲ್ಲಿ ಲಿಂಗ ಹೇಳುತ್ತಾಳೆ ಎಂಬ ಅರ್ಜಿ, ಸಹಿ ಇಲ್ಲದ್ದು. ತಪ್ಪು ಹೇಳುತ್ತಾಳೆ ಎಂದೂ ಅದರಲ್ಲಿ ಬರೆದಿದ್ದರೋ ಏನೋ. ತಪಾಸಣೆಯವರು ಬಂದರು. ನಾನು ಎಲ್ಲವನ್ನೂ ಹೇಳಿದೆ, ಕೂಸು, ಬುಗುಟೆ, ಗೆರೆ, ತುಂಡು. ಅವರಲ್ಲಿ ಹಿರಿಯರು ತಾಳ್ಮೆಯಿಂದ ಕೇಳಿ, ಕೂಸಿನ ತಲೆ ನೋಡಲು ಈ ಮಷೀನು ಯಾಕೆ ಬೇಕು ಮೇಡಂ ಎಂದರು. ಮತ್ತೆ ಮೊದಲಿನಿಂದ ಹೇಳಿದೆ. ಬಸುರಿ ಹೆಂಗಸನ್ನು ಮನೆಯವರನ್ನು ಹೊರಗೆ ಬಿಟ್ಟು ಆ ಕೋಣೆಗೆ ಕರೆದುಕೊಂಡು ಹೋದದ್ದು ನಿಜವೇ? ನಿಜ. ಬಾಗಿಲು ಹಾಕಿದ್ದು ನಿಜವೇ? ನಿಜ. ಅವಳು ಅಳುತ್ತ ಹೊರಗೆ ಬಂದದ್ದು? ನಿಜ. ಎಲ್ಲವೂ ನಿಜವಾಗಿದ್ದು ಒಟ್ಟಿಗೆ ಸುಳ್ಳಾಗುವುದು ಹೇಗೆ ಎಂದು ಅವತ್ತು ತಿಳಿಯಿತು. ಅವರು ತಮ್ಮ ಕೆಲಸ ಮಾಡಿದರು, ಅವರನ್ನು ದೂರುವುದಿಲ್ಲ. ಅಷ್ಟು ಹೊತ್ತು ಕೂತು ಅಷ್ಟೆಲ್ಲ ಕೇಳಿದವರಲ್ಲಿ, ಆ ಕೂಸಿನ ತಲೆ ಈಗ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಮಷೀನಿಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಗಂಡನನ್ನೂ ಅತ್ತೆಯನ್ನೂ ಕರೆಸಿ ಕೇಳಿದರಂತೆ. ಬಸುರು ತಾನಾಗಿ ಹೋಯಿತು, ಬೀಜದ ಪ್ಲಾಟಿನಲ್ಲಿ ಬಗ್ಗಿ ಕೆಲಸ ಮಾಡಿದ್ದಕ್ಕೆ ಹೋಯಿತು ಎಂದು ಅವರು ಹೇಳಿದರು. ಹೆಂಡತಿಯೂ ಅದನ್ನೇ ಹೇಳಿದಳು. ಹೇಳದೆ ಏನು ಮಾಡುತ್ತಾಳೆ, ಅದೇ ಮನೆಗೆ ತಿರುಗಿ ಹೋಗಬೇಕಲ್ಲ. ಗಡಿಯಾಚೆಯ ಊರಿನ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ನನ್ನ ಮೇಲಿನ ಆರೋಪ ಬಹಳ ಕಾಲದ ಮೇಲೆ ಬಿದ್ದುಹೋಯಿತು. ಮುದ್ರೆ ಬಿಚ್ಚುವ ಹೊತ್ತಿಗೆ ಇಲಿಗಳು ವೈರು ಕಡಿದಿದ್ದವು. ಅದನ್ನು ರಿಪೇರಿ ಮಾಡಿಸುವುದು ಬೇಡ, ಇಷ್ಟು ರಗಳೆ ಸಾಕು ಎಂದು ಆಸ್ಪತ್ರೆಯವರು ತೀರ್ಮಾನಿಸಿದರು. ಆ ನಡುವೆ ಬಿದ್ದು ಬಂದ ಮಕ್ಕಳ ತಲೆಯನ್ನು ನಾನು ಮೊದಲಿನ ಹಾಗೆ ಬೆರಳಿನಿಂದಲೇ ತಡವಿದೆ. ಅಜ್ಜಿಯರು ಎಣ್ಣೆ ಹಚ್ಚಿ ಒತ್ತಿದ್ದರು, ನಾನು ಎಣ್ಣೆ ಹಚ್ಚದೆ ಮುಟ್ಟಿದೆ, ವ್ಯತ್ಯಾಸ ಅಷ್ಟೇ.

ವರ್ಷಗಳು ಕಳೆದವು. ಒಂದು ದಿನ ಹೊರರೋಗಿಗಳ ಸಾಲಿನಲ್ಲಿ ಒಬ್ಬ ಮುದುಕಿ ಶಾಲೆಗೆ ಹೋಗುವ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದಳು. ಜ್ವರ, ಗಂಟಲು ನೋವು. ಮುದುಕಿ ಮೆತ್ತಗಾಗಿದ್ದಳು, ಹಲ್ಲು ಬಿದ್ದಿದ್ದವು, ಆದರೂ ಆ ಕೈ ಮುಗಿಯುವ ರೀತಿಯಿಂದ ಗುರುತು ಹಿಡಿದೆ. ಅವಳೂ ನನ್ನನ್ನು ಗುರುತಿಸಿದ್ದಳು, ತೋರಿಸಿಕೊಳ್ಳಲಿಲ್ಲ. ಹುಡುಗಿಯ ಗಂಟಲು ನೋಡಿದೆ, ಎದೆ ನೋಡಿದೆ. ಆಮೇಲೆ ಕೈ ತಾನಾಗಿ ಅವಳ ಬಲಗಿವಿಯ ಮೇಲಕ್ಕೆ ಹೋಯಿತು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಕೂದಲಿನ ಕೆಳಗೆ ಎಲುಬು ಗಟ್ಟಿಯಾಗಿ ಕೂಡಿತ್ತು. ಅದನ್ನು ನಾನು ಬೆರಳಿನಿಂದಲೇ ನಂಬಿದೆ.

ಅಮ್ಮ ಹೇಗಿದ್ದಾಳೆ ಎಂದು ಹುಡುಗಿಯನ್ನು ಕೇಳಿದೆ. ಕೆಲಸಕ್ಕೆ ಹೋಗ್ಯಾಳ ಎಂದಳು. ತಮ್ಮ ತಂಗಿಯರು ಎಂದೆ. ಇಲ್ಲ, ಆಮೇಲೆ ಒಂದೂ ನಿಲ್ಲಲಿಲ್ಲ ಎಂದು ಮುದುಕಿ ನಡುವೆ ಬಾಯಿ ಹಾಕಿದಳು. 'ಸಣ್ಣಾಕಿ ಇದ್ದಾಗ ಇಲ್ಲಿ ಪೆಟ್ಟು ಬಿದ್ದಿತ್ತು, ನೆನಪೈತೇನು' ಎಂದು ಹುಡುಗಿಯ ತಲೆ ಮುಟ್ಟಿ ಕೇಳಿದೆ. ಅವಳು ಪಾಠ ಒಪ್ಪಿಸಿದ ಹಾಗೆ ಹೇಳಿದಳು.

"ನನಗ ನೆನಪಿಲ್ರಿ. ಆದ್ರ ನಾ ಬಿದ್ದಿದ್ದಕ್ಕ, ನನ್ನ ತಲಿ ತೋರ್ಸಾಕ ಬಂದಿದ್ದಕ್ಕ, ನಮ್ಮ ತಮ್ಮ ಹೋದನಂತ್ರಿ."

ಹಾಗೆ ಹೇಳಬಾರದೆಂದು ಮುದುಕಿ ಅನ್ನಲಿಲ್ಲ. ಮನೆಯಲ್ಲಿ ಹೊತ್ತು ಹೊತ್ತಿಗೆ ಆಡುವ ಮಾತು ಎಂದು ಅದರಿಂದಲೇ ತಿಳಿಯಿತು. ಕೈಯಲ್ಲಿದ್ದ ಪೆನ್ನನ್ನು ಕೆಳಗೆ ಇಟ್ಟೆ. ಹೊರಗೆ ಸಾಲು ಗದ್ದಲ ಮಾಡುತ್ತಿತ್ತು, ಮಾಡಲಿ ಎಂದುಕೊಂಡೆ. ಹುಡುಗಿಯ ಎರಡೂ ಭುಜ ಹಿಡಿದು, ಮುದುಕಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.

"ಅದು ಸುಳ್ಳು. ನೀ ಬಿದ್ದಿ, ನಿನ್ನ ಎಲಬು ಸೀಳಿತ್ತು, ಈಗ ಕೂಡೇತಿ. ನಿಂದು ಅಷ್ಟ. ಉಳಿದದ್ದು ಯಾವುದೂ ನಿಂದಲ್ಲ."

ಹುಡುಗಿ ಕಣ್ಣು ಪಿಳುಕಿಸದೆ ನನ್ನ ಮಾತನ್ನು ಪೂರ್ತಿ ಕೇಳಿದಳು. ಕೇಳಿ, ಅದನ್ನು ನಂಬಬೇಕೋ ಬೇಡವೋ ಎಂದು ತಿಳಿಯಲು ಅಜ್ಜಿಯ ಮುಖ ನೋಡಿದಳು.